ಕಾಲ್ಬೆರಳಿಗೆ ಸುತ್ತಿದ ದಾರ

ಹರಿಗೋಲಿಗೆ ಮುಂದು ಹಿಂದು ಅಂತ ಇಲ್ಲ. ಇದನ್ನು ಆಫೀಸಿನ ಗೆಳೆಯರಿಗೆ ವಿವರಿಸಿ ಹೇಳೋದು ಕಷ್ಟ. ಎಲ್ಲರೂ ಹಂಪಿಗೆ ಹೋಗಿರ್ತಾರೆ, ಹರಿಗೋಲಿನಲ್ಲಿ ಕೂತು ಫೋಟೋ ತೆಗೆಸಿಕೊಂಡಿರ್ತಾರೆ, ನಡು ಹೊಳೆಯಲ್ಲಿ ಅಂಬಿಗ ಗಿರಗಿರ ತಿರುಗಿಸಿದಾಗ ಕಿರುಚಿರ್ತಾರೆ. ಆಮೇಲೆ ನನ್ನ ಹತ್ತಿರ ಬಂದು ‘ಎಷ್ಟು ಚೆನ್ನಾಗಿ ತಿರುಗಿಸ್ತಾನೆ ಮಾರಾಯ’ ಅಂತಾರೆ. ತಿರುಗಿಸೋದು ವಿದ್ಯೆಯೇ ಅಲ್ಲ. ದುಂಡಗಿನ ಬುಟ್ಟಿ ಅದು, ಬಿಟ್ಟರೆ ತಾನೇ ತಿರುಗುತ್ತೆ. ತಿರುಗದ ಹಾಗೆ ಒಯ್ಯೋದು ವಿದ್ಯೆ. ಹುಟ್ಟನ್ನು ಪಕ್ಕಕ್ಕೆ ಹಾಕುವಂತಿಲ್ಲ. ಎದುರಿಗೆ ನೀರಿಗಿಳಿಸಿ ನಮ್ಮ ಎದೆಯ ಕಡೆ ಎಳೆದುಕೊಳ್ಳಬೇಕು, ಎಳೆಯುವಾಗ ಅತ್ತ ಒಮ್ಮೆ ಇತ್ತ ಒಮ್ಮೆ ಮಣಿಕಟ್ಟು ಹೊರಳಿಸಬೇಕು, ನೀರಿನೊಳಗೆ ಇಂಗ್ಲಿಷಿನ ಎಂಟು ಬರೆದ ಹಾಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ನೋಡಿ ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದೋಣಿಗಳು, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳೂ ದಾಟುತ್ತವೆ ಅಂತ. ಐನೂರು ವರ್ಷದಲ್ಲಿ ಆದ ಬದಲಾವಣೆ ಅಂದರೆ ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದಿದೆ. ಇತ್ತೀಚೆಗೆ ಫೈಬರಿನವೂ ಬಂದಿವೆ. ಅಪ್ಪನಿಗೆ ಅವು ಸೇರುವುದಿಲ್ಲ, ‘ಸ್ನಾನದ ಟಬ್ಬು’ ಅಂತಾನೆ.

ಎರಡು ವರ್ಷದ ಹಿಂದೆ ನಮ್ಮ ಟೀಮ್ ಔಟಿಂಗ್ ಉಡುಪಿ ಕಡೆ ಆಯಿತು. ಸಾಲಿಗ್ರಾಮದ ಹತ್ತಿರ ಸೀತಾನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಕಯಾಕಿಂಗ್. ಲೈಫ್ ಜಾಕೆಟ್ ಹಾಕಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು, ಐದು ನಿಮಿಷ ಪಾಠ ಮಾಡಿ ನೀರಿಗೆ ಬಿಟ್ಟರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿದರೆ ಆಯ್ತು, ಬಾಣದ ಹಾಗೆ ಸೀದಾ ಹೋಗುತ್ತೆ. ನನಗೆ ಬಹಳ ಖುಷಿಯಾಯಿತು. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

‘ಉದ್ದನ ದೋಣಿ ಸೀದಾ ಹೋಗತೈತಿ. ಅದ್ರಾಗ ಕಲ್ಯಾದೇನೈತಿ?’ ಅಂದ.

ಇದಕ್ಕೂ ಮುಂಚೆ 2019ರಲ್ಲಿ ನನ್ನನ್ನು ಮೂರು ತಿಂಗಳಿಗೆ ಹ್ಯೂಸ್ಟನ್‌ಗೆ ಕಳಿಸಿದ್ದರು. ಅಲ್ಲಿನ ಸಹೋದ್ಯೋಗಿಯೊಬ್ಬ ಶನಿವಾರ ಬಂತೆಂದರೆ ತನ್ನ ತಂದೆಯ ಜೊತೆ ಗ್ಯಾಲ್ವೆಸ್ಟನ್ ಕೊಲ್ಲಿಗೆ ಹೋಗೋನು. ಇಬ್ಬರಿಗೂ ಒಂದೊಂದು ಕಯಾಕ್. ಹಿಡಿಯೋದು ರೆಡ್‌ಫಿಶ್. ತಾಮ್ರದ ಬಣ್ಣದ ಮೀನು, ಬಾಲದ ಬುಡದಲ್ಲಿ ದೃಷ್ಟಿಬೊಟ್ಟಿನಂಥ ಕಪ್ಪು ಚುಕ್ಕೆ. ಮೊಣಕಾಲುದ್ದದ ನೀರಿನಲ್ಲಿ ತಲೆ ಕೆಳಗೆ ಮಾಡಿ ಏಡಿ ಸಿಗಡಿ ಹುಡುಕುವಾಗ ಅದರ ಬಾಲ ಮೇಲೆ ಕಾಣುತ್ತಂತೆ. ಮೋಟಾರ್ ಬೋಟಿನ ಸದ್ದಿಗೆ ಓಡಿಹೋಗುತ್ತೆ, ಅದಕ್ಕೇ ಕಯಾಕ್. ಒಂದು ಸಲ ನಾನೂ ಹೋಗಿದ್ದೆ. ಅಪ್ಪ ಮಗ ಇಬ್ಬರೂ ಇಪ್ಪತ್ತು ಅಡಿ ದೂರ ಕೂತು ಮೂರು ಗಂಟೆ ಒಂದೂ ಮಾತಾಡಲಿಲ್ಲ. ಕೊನೆಗೆ ಮುದುಕಪ್ಪನಿಗೆ ಭಾರಿ ಮೀನೊಂದು ಸಿಕ್ಕಿತು. ಸ್ಕೇಲ್ ಹಿಡಿದು ಅಳೆದರು, ವಾಪಸ್ ನೀರಿಗೆ ಬಿಟ್ಟರು. ಟೆಕ್ಸಾಸ್‌ನಲ್ಲಿ ಆಗ ಸಾಮಾನ್ಯವಾಗಿ 20ರಿಂದ 28 ಇಂಚಿನ ಒಳಗಿನದನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು, ಅದೂ ದಿನಕ್ಕೆ ಮೂರು. 1980ರ ದಶಕದಲ್ಲಿ ಪಾಲ್ ಪ್ರುಡೋಮ್ ಅನ್ನೋ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಈ ಮೀನನ್ನು ಮಸಾಲೆ ಹಚ್ಚಿ ಕರ್ರಗೆ ಸುಟ್ಟು ಕೊಡೋಕೆ ಶುರು ಮಾಡಿದ ಮೇಲೆ ದೇಶಕ್ಕೆ ದೇಶವೇ ಅದಕ್ಕೆ ಬಿದ್ದು, ಮೀನು ತೀರಿಹೋಗುವ ಹಂತಕ್ಕೆ ಬಂದು, ಸರ್ಕಾರ ಕಡಿವಾಣ ಹಾಕಬೇಕಾಯಿತು. ಅಡುಗೆಯೊಂದು ಫೇಮಸ್ ಆದರೆ ಹೀಗೂ ಆಗಬಹುದು.

ಅಳೆದು ಬಿಟ್ಟ ಕತೆ ಹೇಳಿದಾಗ ಅಪ್ಪ ನಗಲಿಲ್ಲ. ‘ಚೊಲೊ ಐತಿ ಅವರ ರೂಲು’ ಅಂದ. ಅವನ ಹತ್ತಿರವೂ ಒಂದು ರೂಲಿತ್ತು, ಅದಕ್ಕೆ ಆಮೇಲೆ ಬರ್ತೀನಿ.

ನಮ್ಮೂರು ತೆಕ್ಕಲಕೋಟೆ, ಸಿರುಗುಪ್ಪ ತಾಲೂಕು. ಇತಿಹಾಸ ಓದಿದವರಿಗೆ ನವಶಿಲಾಯುಗದ ನೆಲೆ ಅಂತ ಗೊತ್ತಿರುತ್ತೆ, 1963-64ರಲ್ಲಿ ಎಂ.ಎಸ್. ನಾಗರಾಜ ರಾವ್ ಅವರು ನಮ್ಮ ಗುಡ್ಡಗಳಲ್ಲಿ ಅಗೆದು ನೋಡಿದ್ದರು. ಉಳಿದವರಿಗೆ ನಾವು ಬರೀ ಭತ್ತ. ತುಂಗಭದ್ರಾ ಆಣೆಕಟ್ಟು ಆದದ್ದು 1953ರಲ್ಲಿ, ಅದರ ಎಲ್‌ಎಲ್‌ಸಿ ಕಾಲುವೆ ಬಂದ ಮೇಲೆ ಇಲ್ಲಿ ಎಲ್ಲಿ ನೋಡಿದರೂ ಗದ್ದೆ, ರೈಸ್ ಮಿಲ್ಲು, ಹೊಟ್ಟಿನ ಧೂಳು. ಅಪ್ಪ ಆ ಕಾಲುವೆಯ ಮೇಲೆ ಗ್ಯಾಂಗ್‌ಮನ್. ಅಂದರೆ ತೂಬು ಎತ್ತೋದು, ಇಳಿಸೋದು, ದಂಡೆ ಒಡೆದರೆ ಮಣ್ಣು ಚೀಲ ಹಾಕೋದು, ರಾತ್ರಿ ಕದ್ದು ನೀರು ತಿರುವಿಕೊಳ್ಳುವವರ ಹಿಂದೆ ಬ್ಯಾಟರಿ ಹಿಡಿದು ಓಡಾಡೋದು. ನಾನು ಬಿಇ ಮಾಡಿದ್ದು ಆ ಸಂಬಳದಲ್ಲಿ, ಜೊತೆಗೆ ಅವ್ವ ಕಳೆ ಕಿತ್ತ ಕೂಲಿಯಲ್ಲಿ.

ಮೀನು ಹಿಡಿಯೋದು ನಮ್ಮ ಮನೆತನದ ಕಸುಬಲ್ಲ. ನಿಟ್ಟೂರಿನ ಕಡೆಯ ಅಂಬಿಗರ ಕಾಕಾ ಒಬ್ಬ ಅಪ್ಪನ ಜೀವದ ಗೆಳೆಯ. ಕಾಲುವೆಯ ಒಂದು ಗಲಾಟೆಯಲ್ಲಿ ಅಪ್ಪನ ಪರ ನಿಂತು ಏಟು ತಿಂದವನು. ಅವನಿಂದ ಅಪ್ಪ ಕಲಿತ, ಅಪ್ಪನಿಂದ ನಾನು ಅರ್ಧ ಕಲಿತೆ. ಭಾನುವಾರ ನಸುಕಿನಲ್ಲಿ ಹೊಳೆ ದಂಡೆಗೆ ಹೋದರೆ ಆಚೆ ದಂಡೆ ರಾಯಚೂರು ಜಿಲ್ಲೆ. ನಡುವೆ ಬಂಡೆಗಳು, ಮಡುಗಳು. ಅಕ್ಕಿ ತೌಡು, ಶೇಂಗಾ ಹಿಂಡಿ ಎರಡನ್ನೂ ಕಲಸಿ ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಗಾಳ ಮುಚ್ಚಬೇಕು. ತೌಡಿಗೆ ಬರಗಾಲವಿಲ್ಲದ ಊರು ನಮ್ಮದು. ಅದಕ್ಕೆ ಬೀಳೋದು ರೋಹು. ಅದರ ಹೊಪ್ಪೆಗಳ ಅಂಚಿನಲ್ಲಿ, ರೆಕ್ಕೆಗಳಲ್ಲಿ ಒಂದು ಕೆಂಪು ಇರುತ್ತೆ, ಅಪ್ಪ ಅದನ್ನು ‘ಕೆಂಪಂದು’ ಅಂತಲೇ ಕರೀತಾನೆ. ಅದೂ ನಮ್ಮ ಹೊಳೆಯ ಮೂಲ ಮೀನಲ್ಲ. ಗಂಗೆ ಕಡೆಯದು, ಮರಿ ತಂದು ಬಿಟ್ಟಿದ್ದು. ಬಲೆಗೆ ಬೀಳುವ ಜಿಲೇಬಿ ಇನ್ನೂ ದೂರದ್ದು, ಆಫ್ರಿಕಾದ್ದು. ಭಾರತಕ್ಕೆ ಬಂದದ್ದು 1952ರಲ್ಲಿ. ಅಂದರೆ ನಮ್ಮ ಭತ್ತದ ನೀರು, ನಮ್ಮ ಮೀನು ಎಲ್ಲಾ ಹೆಚ್ಚುಕಮ್ಮಿ ಒಂದೇ ವಯಸ್ಸಿನವು.

ಅಪ್ಪನ ರೂಲು ಇದು: ಕಾರಹುಣ್ಣಿಮೆಯಿಂದ ಗಣೇಶನ ಹಬ್ಬದವರೆಗೆ ಗಾಳ ಮುಟ್ಟಬಾರದು. ಹೊಳೆಗೆ ಕೆಂಪು ನೀರು ಬರೋದು ಆಗಲೇ, ಮೀನಿನ ಹೊಟ್ಟೆಯಲ್ಲಿ ತತ್ತಿ ತುಂಬೋದೂ ಆಗಲೇ. ‘ಬಸುರಿ ಮೀನು ತಿಂದ್ರ ಮುಂದಿನ ವರ್ಷ ಏನ್ ತಿಂತಿ?’ ಇಷ್ಟೇ ಅವನ ವಾದ. ನಿಟ್ಟೂರಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಅವನ ಹೆಸರನ್ನೇ ಹೇಳುವ ಶಾಸನಗಳು ಕೆಲವೇ ಕೆಲವು, ಅದರಲ್ಲಿ ಇದೊಂದು. ಅದೇ ಅಶೋಕ ತನ್ನ ಐದನೇ ಸ್ತಂಭಶಾಸನದಲ್ಲಿ ವರ್ಷದ ಇಂತಿಂಥ ದಿನ ಮೀನು ಕೊಲ್ಲಬಾರದು, ಮಾರಬಾರದು ಅಂತ ಬರೆಸಿದ್ದಾನೆ. ಇದನ್ನು ಓದಿ ಅಪ್ಪನಿಗೆ ಹೇಳಿದೆ. ‘ಅವನೂ ಗ್ಯಾಂಗ್‌ಮನ್ ಇದ್ನೇನೋ’ ಅಂದ.

2024ರ ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಬಲಗೈ ನಡುಗುತ್ತಿತ್ತು. ಚಹಾದ ಲೋಟ ಹಿಡಿದಾಗ ಅಲ್ಲ, ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಾಗ. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜುತ್ತಿದ್ದವು, ಕಾಣದ ಹಿಟ್ಟಿನ ಉಂಡೆ ಕಟ್ಟುತ್ತಿದ್ದಾನೇನೋ ಅನ್ನೋ ಹಾಗೆ. ಬಳ್ಳಾರಿಯಲ್ಲಿ ನರರೋಗ ತಜ್ಞರಿಗೆ ತೋರಿಸಿದೆವು. ನಡೆಸಿ ನೋಡಿದರು, ಬೆರಳು ಬಡಿಸಿ ನೋಡಿದರು, ಒಂದು ಸಾಲು ಬರೆಸಿದರು. ಅಪ್ಪನ ಅಕ್ಷರ ಶುರುವಿಗೆ ದೊಡ್ಡದಿದ್ದದ್ದು ಸಾಲಿನ ಕೊನೆಗೆ ಇರುವೆಯಷ್ಟಾಗಿತ್ತು. ಪಾರ್ಕಿನ್ಸನ್. ಗುಣ ಆಗೋದಿಲ್ಲ, ಹಿಡಿತದಲ್ಲಿಡಬಹುದು. ಮಾತ್ರೆ ಹೊತ್ತು ತಪ್ಪಿಸಬಾರದು, ಊಟಕ್ಕೆ ಅರ್ಧ ಗಂಟೆ ಮುಂಚೆ ತಗೋಬೇಕು. ಬೇಳೆ, ಮೊಟ್ಟೆ, ಮೀನು ಇಂಥದರ ಜೊತೆ ತಗೊಂಡರೆ ಮೈಗೆ ಸರಿಯಾಗಿ ಹತ್ತೋದಿಲ್ಲ.

‘ಮೀನಿಗೂ ಇದಕ್ಕೂ ಜಗಳ ಐತೇನು ಸಾರ್?’ ಅಪ್ಪ ಕೇಳಿದ ಒಂದೇ ಪ್ರಶ್ನೆ.

ಅವ್ವ ಹೋಗಿ ಆಗಲೇ ಮೂರು ವರ್ಷ. ತೆಕ್ಕಲಕೋಟೆಯ ಮನೆಯಲ್ಲಿ ಅಪ್ಪ ಒಬ್ಬನೇ. ಅಕ್ಕ ಗಂಗಾವತಿಯಲ್ಲಿ, ನಾನು ಬೆಂಗಳೂರಿನ ಬೆಳ್ಳಂದೂರಿನಲ್ಲಿ ಹನ್ನೊಂದನೇ ಮಹಡಿಯಲ್ಲಿ. ಈ ಬರಹ ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ಈ ಲೆಕ್ಕವನ್ನು ಮಾಡಿರ್ತೀರಿ, ಇನ್ನರ್ಧ ಇನ್ನೇನು ಮಾಡಲಿದ್ದೀರಿ. ಒಂದು ರೂಮು ಖಾಲಿ ಇದೆ, ಲಿಫ್ಟ್ ಇದೆ, ಆಸ್ಪತ್ರೆ ಎರಡು ಕಿಲೋಮೀಟರ್. ಎಕ್ಸೆಲ್ ಹಾಳೆಯಲ್ಲಿ ಹಾಕಿದರೆ ಉತ್ತರ ಒಂದೇ ಬರುತ್ತೆ. ಅಪ್ಪ ಮಾತ್ರ ಪ್ರತಿ ಸಲವೂ ‘ನೋಡಾನ’ ಅಂತಿದ್ದ. ನಮ್ಮ ಕಡೆ ‘ನೋಡಾನ’ ಅಂದರೆ ಇಲ್ಲ ಅಂತಲೇ ಅರ್ಥ, ಆದರೆ ಮರ್ಯಾದೆಯಿಂದ.

ಅಕ್ಕನ ಭಯ ಬೇರೆ. ‘ಹೊಳೀಗೆ ಹೋಗೋದು ಬಿಡಸಲೇ. ಒಂದಿನ ಏನಾರ ಆದ್ರ?’ ಅಂತ ಫೋನಿನಲ್ಲಿ ಅಳುತ್ತಿದ್ದಳು. ಅವಳದ್ದೂ ಸುಳ್ಳಲ್ಲ. ಹೊಳೆಯಲ್ಲಿ ಸೆಳವಿದೆ, ಅಲ್ಲಲ್ಲಿ ಮೊಸಳೆ ಇದೆ, ಅಪ್ಪನ ನಡಿಗೆ ನಿಧಾನವಾಗಿದೆ.

ಅದೇ ವರ್ಷ ಆಗಸ್ಟ್ 10ರ ರಾತ್ರಿ ಆಣೆಕಟ್ಟಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ನಿಮಗೆ ಅದು ಎರಡು ದಿನದ ಬ್ರೇಕಿಂಗ್ ನ್ಯೂಸ್. ನಮಗೆ ಅದು ಮನೆಯ ಗೋಡೆ ಬಿದ್ದಂಗೆ. 33 ಗೇಟುಗಳಲ್ಲಿ ಒಂದು ಹೋದರೆ ಭಾರ ಒಂದೇ ಕಡೆ ಬೀಳದಿರಲಿ ಅಂತ ಉಳಿದವನ್ನೂ ತೆರೆದರು. ಕಣ್ಣೆದುರೇ ಎರಡು ಬೆಳೆಯ ನೀರು ಆಂಧ್ರದ ಕಡೆ ಹರಿದು ಹೋಗುತ್ತಿತ್ತು. ಅಪ್ಪ ಮಧ್ಯಾಹ್ನದ ಮಾತ್ರೆ ಮರೆತು ದಿನವಿಡೀ ಟಿವಿ ಮುಂದೆ ಕೂತಿದ್ದನಂತೆ. ಅಂಬಿಗರ ಕಾಕಾ ಹರಿಗೋಲುಗಳನ್ನೆಲ್ಲಾ ದಿಬ್ಬಕ್ಕೆ ಹೊತ್ತು ಹಾಕಿದ್ದ. ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಲು ಕರೆಸಿದ್ದು ನಿವೃತ್ತಿಯಾಗಿದ್ದ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಒಂದರ ಮೇಲೊಂದು ಉಕ್ಕಿನ ಅಡ್ಡಪಟ್ಟಿ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಮೊದಲನೆಯದು ಕೂತ ದಿನ ಅಪ್ಪನೇ ಫೋನ್ ಮಾಡಿದ. ಅವನಾಗಿಯೇ ಫೋನ್ ಮಾಡೋದು ಅಪರೂಪ.

‘ನೋಡಿದೇನು? ಮುದುಕ್ರು ಬೇಕಾದ್ರು ಕಡೀಗೆ.’

ಮುಂದೆ ಮಳೆ ಕೈಹಿಡಿದು ಆಣೆಕಟ್ಟು ಮತ್ತೆ ತುಂಬಿತು. ಹೂಳು ಕೂತು ಈಗ ಅದರಲ್ಲಿ ಹಿಡಿಯೋದೇ 105 ಟಿಎಂಸಿ ಚಿಲ್ಲರೆ. ಅಪ್ಪನಿಗೆ ಆ ಚಿಲ್ಲರೆಯೂ ಬಾಯಿಪಾಠ.

ಡಿಸೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋದೆ. ಬ್ಯಾಗಿನಲ್ಲಿ ಎರಡು ಲೈಫ್ ಜಾಕೆಟ್ ಇದ್ದವು, ತಲೆಯಲ್ಲಿ ಬೆಂಗಳೂರಿನ ಮಾತಿತ್ತು. ನಸುಕಿನ ಐದಕ್ಕೆ ಬೈಕ್ ಹತ್ತಿದೆವು. ಹೊಳೆಯ ನೀರು ತಿಳಿಯಾಗಿತ್ತು, ಬಂಡೆಗಳ ಮೇಲೆ ಮಂಜು. ಜಾಕೆಟ್ ನೋಡಿ ಅಪ್ಪ ‘ಗೋಪುರದ ಬಣ್ಣ ಐತಲ್ಲೋ’ ಅಂದ, ಆದರೂ ಹಾಕಿಕೊಂಡ. ಅಂಬಿಗರ ಕಾಕಾ ನೋಡದ ಕಡೆ ಬಂದ ಮೇಲೆ ಬಿಚ್ಚಿ ಕುಂಡಿಗೆ ಹಾಕಿ ಕೂತ.

ನಾನು ಹುಟ್ಟು ಹಿಡಿದೆ. ಹತ್ತು ಸಲ ಎಳೆಯುವಷ್ಟರಲ್ಲಿ ಹರಿಗೋಲು ಮೂರು ಸುತ್ತು ತಿರುಗಿ, ಹೊರಟ ಬಂಡೆಗೇ ಬಂದು ಡಿಕ್ಕಿ ಹೊಡೆಯಿತು. ಅಪ್ಪ ಒಂದು ಮಾತೂ ಆಡದೆ ಕೈ ಚಾಚಿದ. ನಾನು ಆ ಬಲಗೈಯನ್ನೇ ನೋಡುತ್ತಿದ್ದೆ. ಹುಟ್ಟು ಹಿಡಿದ ಕೂಡಲೇ ಅದು ನಿಂತಿತು. ನಡುಕ ಪೂರ್ತಿ ಹೋಯಿತು ಅಂತಲ್ಲ, ಆದರೆ ಹುಡುಕಿದರೆ ಮಾತ್ರ ಕಾಣುವಷ್ಟು. ಈ ಕಾಯಿಲೆಯ ನಡುಕ ಕೈ ಖಾಲಿ ಇದ್ದಾಗಲೇ ಜಾಸ್ತಿ, ಕೆಲಸಕ್ಕೆ ಹತ್ತಿದಾಗ ಕಡಿಮೆ ಅಂತ ಡಾಕ್ಟರು ಹೇಳಿದ್ದರು. ಹೇಳಿದ್ದು ಕೇಳೋದು ಬೇರೆ. ಅಪ್ಪ ಎದುರಿಗೆ ನೀರನ್ನು ಎಳೆದುಕೊಳ್ಳುತ್ತಾ, ಬುಟ್ಟಿಯನ್ನು ಒಂದು ಗೆರೆ ತಪ್ಪದ ಹಾಗೆ ಮಡುವಿನ ನಡುವಿಗೆ ಒಯ್ದ.

ತೊಂದರೆ ಬಂದದ್ದು ಗಾಳ ಹಾಕಿದ ಮೇಲೆ. ನಾವು ಕೋಲು ಬಳಸೋದಿಲ್ಲ, ಕೈದಾರ. ನೈಲಾನ್ ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಸುಮ್ಮನೆ ಕೂತಿರಬೇಕು. ರೋಹು ಗಬಕ್ಕನೆ ನುಂಗುವ ಮೀನಲ್ಲ, ಹಿಟ್ಟನ್ನು ಮುತ್ತು ಕೊಟ್ಟ ಹಾಗೆ ಹೀರುತ್ತೆ. ಆ ಸಣ್ಣ ಟಿಕ್ ಟಿಕ್ ಬೆರಳಿಗೆ ಗೊತ್ತಾಗಬೇಕು. ಬೆರಳೇ ಟಿಕ್ ಟಿಕ್ ಅನ್ನುತ್ತಿದ್ದರೆ? ನನಗೆ ಎದೆ ಹಿಂಡಿದಂತಾಯಿತು. ಇಷ್ಟು ವರ್ಷದ ವಿದ್ಯೆ ಇಲ್ಲಿಗೆ ಮುಗೀತಲ್ಲ ಅನಿಸಿತು.

ಅಪ್ಪ ಬಲಗಾಲಿನ ಚಪ್ಪಲಿ ಬಿಟ್ಟ. ದಾರವನ್ನು ಹೆಬ್ಬೆರಳಿಗೆ ಒಂದೇ ಸುತ್ತು ಸುತ್ತಿ, ಹರಿಗೋಲಿನ ಅಂಚಿಗೆ ಕಾಲು ಚಾಚಿ ಕೂತ. ಕಾಲು ನಡುಗುತ್ತಿರಲಿಲ್ಲ.

‘ಯಾವಾಗ್ಲಿಂದ ಅಪ್ಪಾ ಇದು?’

‘ಶ್ರಾವಣದಾಗ ಮನಿ ಹೊರಸಿನ ಮ್ಯಾಲ ಕುಂತು ನೋಡ್ದೆ. ಆ ತುದೀಗೆ ಪಕ್ಕದ್ಮನಿ ಹುಡುಗನ್ನ ನಿಲ್ಲಿಸಿ ದಾರ ಎಳಿ ಅಂದೆ. ಗೊತ್ತಾತು.’

ಅಂದರೆ ಗಾಳ ಮುಟ್ಟಬಾರದ ತಿಂಗಳಲ್ಲಿ ನಮ್ಮಪ್ಪ ಹಗ್ಗದ ಮಂಚದ ಮೇಲೆ ಕೂತು ಟೆಸ್ಟಿಂಗ್ ಮಾಡಿದ್ದ. ನಾನು ಹನ್ನೆರಡು ವರ್ಷದಿಂದ ಸಂಬಳ ತಗೊಂಡು ಮಾಡ್ತಿರೋ ಕೆಲಸ ಅದು.

ಎಂಟು ಗಂಟೆಗೆ ಅವನ ಫೋನಿನಲ್ಲಿ ಮಾತ್ರೆಯ ಅಲಾರಂ ‘ಶರಣು ಶರಣಯ್ಯ’ ಅಂತೇನೋ ಜೋರಾಗಿ ಹಾಡತೊಡಗಿ ಮಡುವಿನ ಕೊಕ್ಕರೆಗಳೆಲ್ಲಾ ಎದ್ದು ಹೋದವು. ಮಾತ್ರೆ ನುಂಗಿದ. ಅರ್ಧ ಗಂಟೆ ಬಿಟ್ಟು ರೊಟ್ಟಿ ಬಿಚ್ಚಬೇಕು. ಆ ಅರ್ಧ ಗಂಟೆಯಲ್ಲಿ ನಾನು ಬಾಯಿ ಬಿಟ್ಟೆ.

‘ಅಪ್ಪಾ, ಬೆಂಗಳೂರಿಗೆ ಬಂದ್‌ಬಿಡು.’

‘ನೋಡಾ…’ ಅಂದವನು ಅರ್ಧಕ್ಕೇ ನಿಲ್ಲಿಸಿದ. ನೀರು ನೋಡುತ್ತಾ ಕೂತ. ಮೀನು ಬಂತೇನೋ ಅಂದುಕೊಂಡೆ.

‘ನಿಮ್ಮಕ್ಕ ಅಳ್ತಾಳ, ಗೊತ್ತೈತಿ ನನಗ. ನೀ ಅಳಂಗಿಲ್ಲ, ಅದೂ ಗೊತ್ತೈತಿ. ಒಂದು ಮಾತು ಹೇಳ್ಲಾ? ಅಲ್ಲಿಗೆ ಬಂದ್ರ ಈ ಕೈ ತೊಡಿ ಮ್ಯಾಲ ಇರತೈತಿ. ಇಡೀ ದಿನ. ನೀ ಆಫೀಸಿನ್ಯಾಗ, ನಿನ್ನ ಹೇಣ್ತಿ ಆಫೀಸಿನ್ಯಾಗ, ನಾನು ಈ ಕೈ ನೋಡ್ಕೋತ ಕುಂದ್ರಬೇಕು. ಅದು ನನ್ನ ನೋಡತೈತಿ, ನಾನು ಅದನ್ನ ನೋಡ್ತೀನಿ.’

ನನಗೆ ಉತ್ತರ ಇರಲಿಲ್ಲ. ಎಕ್ಸೆಲ್ ಹಾಳೆಯಲ್ಲಿ ಈ ಕಾಲಂ ಇರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವನೇ ಶುರು ಮಾಡಿದ, ಕಾಲುವೆ ಪಾಳಿ ಹಂಚುವ ದನಿಯಲ್ಲಿ. ‘ಕಾರಹುಣ್ಣಿಮಿಗೆ ಬರ್ತೀನಿ. ಗಣಪನ ಕಳಿಸಿ ವಾಪಸ್. ಮೀನು ಬಸುರಿರೋ ತಿಂಗಳು ನಂಗಿಲ್ಲೇನು ಕೆಲಸಿಲ್ಲ, ಹೊಳಿ ತುಂಬಿರತೈತಿ, ನಿಮ್ಮಕ್ಕನ ಅಂಜಿಕಿನೂ ಆಗ ಭಾಳ. ಆವಾಗ ನಿಮ್ಮ ದೊಡ್ಡ ಡಾಕ್ಟರಿಗೆ ತೋರಸು. ಉಳಿದಾಗ ಇಲ್ಲಿ. ಒಬ್ನೇ ನೀರಿಗಿಳಿಯಂಗಿಲ್ಲ, ಕಾಕಾನ ಮಗ ಇರ್ತಾನ. ಈ ಜಾಕಿಟ್ಟು…’ ಕುಂಡಿಯ ಕೆಳಗಿನಿಂದ ಎಳೆದು ನೋಡಿದ, ‘ಹಾಕ್ಕೋತೀನಿ.’

ಅಷ್ಟರಲ್ಲಿ ಕಾಲ್ಬೆರಳು ಒಮ್ಮೆ ಬಾಗಿತು. ಅಪ್ಪ ಕಾಲನ್ನು ಹಿಂದಕ್ಕೆಳೆದು, ದಾರ ಕೈಗೆ ತಗೊಂಡ. ಎರಡು ಕಿಲೋ ಮೇಲಿತ್ತು, ಕೆಂಪಂದು. ಹರಿಗೋಲಿನಲ್ಲಿ ದೊಡ್ಡ ಮೀನು ಸಿಕ್ಕರೆ ಒಂದು ಮಜಾ ಇದೆ: ಎಳೆಯೋದು ನೀವಲ್ಲ, ಮೀನೇ ಬುಟ್ಟಿಯನ್ನು ಎಳೆಯುತ್ತೆ. ನಾವಿಬ್ಬರೂ ನಿಧಾನವಾಗಿ ತಿರುಗುತ್ತಾ ರಾಯಚೂರು ಜಿಲ್ಲೆಯ ಕಡೆ ಹೊರಟೆವು. ಮಂಜು ಕರಗಿ ದಂಡೆ ಕಾಣುತ್ತಿತ್ತು, ಬಂಡೆ, ಆಮೇಲೆ ಗದ್ದೆ, ಆಮೇಲೆ ಮತ್ತೆ ಅದೇ ಬಂಡೆ.

ಹೇಳಿದ ಹಾಗೆ 2025ರ ಜೂನ್‌ನಲ್ಲಿ ಅಪ್ಪ ಬೆಂಗಳೂರಿಗೆ ಬಂದ. ಮೊದಲ ವಾರ ಹನ್ನೊಂದನೇ ಮಹಡಿಯಿಂದ ಬೆಳ್ಳಂದೂರು ಕೆರೆ ನೋಡುತ್ತಾ ನಿಲ್ಲುತ್ತಿದ್ದ. ಎರಡನೇ ವಾರ ‘ಇದರ ತೂಬು ಎಲ್ಲೈತಿ?’ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಏಳು ವರ್ಷದಿಂದ ಅದರ ಎದುರು ಇದ್ದೇನೆ, ನೊರೆ ಬಂದಾಗ ಬಿಟ್ಟರೆ ಅದರ ಕಡೆ ನೋಡಿದವನಲ್ಲ. ಅಪ್ಪ ಸೆಕ್ಯುರಿಟಿಯ ರಾಯಚೂರಿನ ಹುಡುಗನನ್ನು ಜೊತೆ ಮಾಡಿಕೊಂಡು ದಿನಾ ಬೆಳಿಗ್ಗೆ ನಡೆದು ಹುಡುಕಿದ. ಡಾಕ್ಟರು ಹೇಳಿದ ನಡಿಗೆಗಿಂತ ಅದು ಜಾಸ್ತಿಯೇ ಆಯಿತು. ಕೊನೆಗೆ ನೀರು ವರ್ತೂರು ಕೆರೆಗೆ ಹೋಗುವ ಕೋಡಿ ಕಂಡುಹಿಡಿದು, ಸಂಜೆ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗಿ ತೋರಿಸಿದ. ನೀರು ವಾಸನೆ ಬರುತ್ತಿತ್ತು. ‘ಬಿಡೋರು ಯಾರೂ ಇಲ್ಲ, ತಾನೇ ಹೋಗತೈತಿ’ ಅಂದು ಬಹಳ ಹೊತ್ತು ನಿಂತ.

ಗಣಪನನ್ನು ಕಳಿಸಿ ಸಿರುಗುಪ್ಪ ಬಸ್ಸು ಹತ್ತಿದ. ಮಾತ್ರೆ ಈಗ ದಿನಕ್ಕೆ ನಾಲ್ಕು.

ಮೊನ್ನೆ ಫೋನ್ ಮಾಡಿದ್ದ. ಗಾಳಕ್ಕೆ ದಾರ ಪೋಣಿಸೋದು ತಡ ಆಗ್ತಿದೆಯಂತೆ, ಕಣ್ಣಿನದಲ್ಲ, ಬೆರಳಿನ ತೊಂದರೆ. ಕಾಕಾನ ಮಗ ಪೋಣಿಸಿಕೊಡ್ತೀನಿ ಅಂದರೆ ಬೇಡ ಅಂತಾನಂತೆ. ‘ದೊಡ್ಡ ಕಣ್ಣಿನ ಗಾಳ ಸಿಗತಾವೇನು ನೋಡು ಅಲ್ಲಿ. ಮೀನಿಗೆ ಗೊತ್ತಾಗಂಗಿಲ್ಲ ಅದು, ಹಿಟ್ಟಿನ ಒಳಗಿರತೈತಿ.’ ಶಿವಾಜಿನಗರದಲ್ಲಿ ಎರಡು ಅಂಗಡಿ ಅಲೆದೆ, ಮೂರು ಸೈಜಿನವು ತಂದೆ. ನಾಳೆ ರಾತ್ರಿಯ ಬಸ್ಸಿಗೆ ಪಾರ್ಸೆಲ್ ಹಾಕಬೇಕು. ಮೂರರಲ್ಲಿ ಯಾವುದು ಸರಿ ಹೋಯ್ತು ಅಂತ ಅವನೇ ಹೇಳ್ತಾನೆ.